ಹುಟ್ಟಿಗೆ ಅಂಕ ಕೊಟ್ಟ ಆಟ

2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಒಂದು ಆಟದ ನಿಯಮ ಪುಸ್ತಕದ ಹೊಸ ಆವೃತ್ತಿ ಮಾರುಕಟ್ಟೆಗೆ ಬಂತು. ಆಟದ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಪುಸ್ತಕದ ಹೆಸರು 'ಪ್ಲೇಯರ್ಸ್ ಹ್ಯಾಂಡ್‌ಬುಕ್'. ಹಳೆಯ ಆವೃತ್ತಿಗಳನ್ನು ಬಲ್ಲವರು ಅದರ ಪುಟ ತಿರುವಿದಾಗ ಎರಡು ಸಂಗತಿಗಳು ಅಲ್ಲಿರಲಿಲ್ಲ. ಒಂದು, 'ರೇಸ್' ಅಂದರೆ ಜನಾಂಗ ಎಂಬ ಪದ. ಇನ್ನೊಂದು, ಇಂಥ ಜನಾಂಗದಲ್ಲಿ ಹುಟ್ಟಿದವನಿಗೆ ಬಲದಲ್ಲಿ ಇಷ್ಟು ಅಂಕ ಹೆಚ್ಚು, ಇಂಥವನಿಗೆ ಚುರುಕಿನಲ್ಲಿ ಇಷ್ಟು ಹೆಚ್ಚು ಎಂದು ವಿಧಿಸುತ್ತಿದ್ದ ನಿಯಮ. 1978ರಿಂದ ಒಂದಲ್ಲ ಒಂದು ರೂಪದಲ್ಲಿ ನಡೆದುಬಂದಿದ್ದ ಈ ನಿಯಮವನ್ನು 46 ವರ್ಷಗಳ ಬಳಿಕ ಕೈಬಿಡಲಾಗಿತ್ತು.

ಕಾಲ್ಪನಿಕ ಕುಳ್ಳರು, ದೈತ್ಯರು, ಮಾಟಗಾರರು ತುಂಬಿರುವ ಒಂದು ಆಟದಲ್ಲಿ ಯಾರಿಗೆ ಎಷ್ಟು ಅಂಕ ಎಂಬ ಪ್ರಶ್ನೆ ನಮಗೇಕೆ ಎಂದು ಓದುಗರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಮನುಷ್ಯನ ಯೋಗ್ಯತೆಯನ್ನು ಅವನ ಹುಟ್ಟಿನಿಂದ ಅಳೆಯಬೇಕೋ, ಅವನ ಬದುಕಿನಿಂದ ಅಳೆಯಬೇಕೋ ಎಂಬ ಬಹಳ ಹಳೆಯ ತರ್ಕವೊಂದು ಈ ಆಟದ ಪುಟಗಳಲ್ಲಿ ಅರ್ಧ ಶತಮಾನ ನಡೆದಿದೆ. ಆ ತರ್ಕದ ಒಂದು ಬೇರು ನಮ್ಮ ದೇಶದ ಇತಿಹಾಸವನ್ನೂ ಮುಟ್ಟುತ್ತದೆ. ಆದ್ದರಿಂದ ಈ ಕಥೆಯನ್ನು ಸ್ವಲ್ಪ ಸಾವಧಾನವಾಗಿ ನೋಡುವುದು ವ್ಯರ್ಥವಾಗದು.

ಮೇಜಿನ ಸುತ್ತ ಹುಟ್ಟುವ ಕಥೆ

ಇದು ಕಂಪ್ಯೂಟರ್ ಆಟವಲ್ಲ. ನಾಲ್ಕೈದು ಮಂದಿ ಒಂದು ಮೇಜಿನ ಸುತ್ತ ಕುಳಿತು, ಕಾಗದ, ಪೆನ್ಸಿಲ್ ಮತ್ತು ದಾಳಗಳನ್ನು ಇಟ್ಟುಕೊಂಡು, ಬಾಯಿಮಾತಿನಲ್ಲಿ ಕಥೆ ಕಟ್ಟುತ್ತಾ ಆಡುವ ಆಟ. ಅವರಲ್ಲೊಬ್ಬ ಕಥೆ ನಡೆಸುವವ. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ, ಹೀಗೆ. ಪಾತ್ರಧಾರಿ 'ನಾನು ಈ ಬಾಗಿಲು ಮುರಿಯುತ್ತೇನೆ' ಎನ್ನುತ್ತಾನೆ. ಮುರಿಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ.

ಪ್ರತಿ ಪಾತ್ರಕ್ಕೂ ಆರು ಸಾಮರ್ಥ್ಯಗಳಿವೆ. ಬಲ, ಚುರುಕು, ದೇಹದಾರ್ಢ್ಯ, ಬುದ್ಧಿ, ವಿವೇಕ ಮತ್ತು ಜನರನ್ನು ಒಲಿಸಿಕೊಳ್ಳುವ ಆಕರ್ಷಣೆ. ಮೂಲ ಪದ್ಧತಿಯಲ್ಲಿ ಆರು ಮುಖದ ಮೂರು ದಾಳಗಳನ್ನು ಉರುಳಿಸಿ ಬಂದ ಮೊತ್ತವೇ ಒಂದು ಸಾಮರ್ಥ್ಯದ ಅಂಕ. ಅಂದರೆ ಕನಿಷ್ಠ 3, ಗರಿಷ್ಠ 18, ಸರಾಸರಿ ಹತ್ತೂವರೆ. ಇದಿಷ್ಟು ಅದೃಷ್ಟದ ಮಾತು. ಇದರ ಮೇಲೆ ಜನಾಂಗದ ಹೆಸರಿನಲ್ಲಿ ಕೂಡಿಸುವ ಅಥವಾ ಕಳೆಯುವ ಅಂಕಗಳೇ ನಮ್ಮ ಚರ್ಚೆಯ ವಿಷಯ.

ದಂಡಿನ ಲೆಕ್ಕದಿಂದ ಬಂದ ಜನಾಂಗ

ಈ ಆಟದ ಮೂಲ ಯುದ್ಧದ ಆಟಗಳಲ್ಲಿದೆ. 19ನೇ ಶತಮಾನದ ಆದಿಯಲ್ಲಿ ಪ್ರಷ್ಯಾದ ಸೇನಾಧಿಕಾರಿಗಳು ಭೂಪಟದ ಮೇಲೆ ತುಕಡಿಗಳನ್ನು ಇಟ್ಟು, ದಾಳ ಉರುಳಿಸಿ ಯುದ್ಧಾಭ್ಯಾಸ ನಡೆಸುತ್ತಿದ್ದರು. ಅದಕ್ಕೆ 'ಕ್ರೀಗ್‌ಸ್ಪೀಲ್' ಎಂದು ಹೆಸರು. 1913ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಎಚ್.ಜಿ. ವೆಲ್ಸ್ 'ಲಿಟ್ಲ್ ವಾರ್ಸ್' ಎಂಬ ಪುಸ್ತಕ ಬರೆದು ಅಂಥ ಆಟವನ್ನು ಜನಸಾಮಾನ್ಯರ ಮನೆಗೆ ತಂದರು. ಇಂಥ ಆಟಗಳಲ್ಲಿ ಒಬ್ಬೊಬ್ಬ ಸಿಪಾಯಿಗೆ ಹೆಸರಿಲ್ಲ, ಊರಿಲ್ಲ, ಸ್ವಭಾವವಿಲ್ಲ. ಭಾರೀ ಅಶ್ವದಳಕ್ಕೆ ಇಷ್ಟು ಬಲ, ಲಘು ಪದಾತಿಗೆ ಇಷ್ಟು ಬಲ ಎಂದು ಗುಂಪಿಗೆ ಲೆಕ್ಕ. ದಂಡಿನ ಲೆಕ್ಕಕ್ಕೆ ಅದು ಸಾಕು.

1971ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 'ಚೈನ್‌ಮೇಲ್' ಎಂಬ ಮಧ್ಯಯುಗದ ಯುದ್ಧದ ಆಟವನ್ನು ಪ್ರಕಟಿಸಿದರು. ಅದರ ಅನುಬಂಧದಲ್ಲಿ ಕುಳ್ಳ ಡ್ವಾರ್ಫ್‌ಗಳು, ಅರಣ್ಯವಾಸಿ ಎಲ್ಫ್‌ಗಳು, ಕ್ರೂರ ಓರ್ಕ್‌ಗಳು ಕಾಣಿಸಿಕೊಂಡರು. ಇವರೂ ತುಕಡಿಗಳೇ. ಅಶ್ವದಳಕ್ಕೂ ಓರ್ಕ್ ದಳಕ್ಕೂ ಲೆಕ್ಕದ ರೀತಿ ಒಂದೇ.

ಅದೇ ಸುಮಾರಿಗೆ ಮಿನ್ನೆಸೋಟ ರಾಜ್ಯದ ಡೇವ್ ಆರ್ನೆಸನ್ ಹೊಸದೊಂದು ಪ್ರಯೋಗ ಮಾಡಿದರು. ಆಟಗಾರನ ಕೈಗೆ ತುಕಡಿಯ ಬದಲು ಒಬ್ಬನೇ ಮನುಷ್ಯನನ್ನು ಕೊಟ್ಟರು. ಅವನಿಗೆ ಹೆಸರಿತ್ತು, ಆಸೆಯಿತ್ತು, ಮುಂದಿನ ವಾರ ಮುಂದುವರಿಯುವ ಬದುಕಿತ್ತು. ಈ ಇಬ್ಬರ ಯೋಚನೆಗಳು ಕೂಡಿ 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹೊರಬಂತು. ಗೈಗ್ಯಾಕ್ಸ್ ಮತ್ತು ಗೆಳೆಯರು ಕಟ್ಟಿದ 'ಟಿಎಸ್ಆರ್' ಸಂಸ್ಥೆ ಮೊದಲು ಮುದ್ರಿಸಿದ್ದು ಒಂದು ಸಾವಿರ ಪ್ರತಿಗಳನ್ನು.

ಇಡೀ ಚರ್ಚೆಯ ಗಂಟು ಇರುವುದು ಇಲ್ಲಿಯೇ. ತುಕಡಿಗೆ ಕೊಟ್ಟ ಲೆಕ್ಕ ಈಗ ವ್ಯಕ್ತಿಯ ಹೆಗಲೇರಿತು. 'ಡ್ವಾರ್ಫ್ ದಳ ಗಟ್ಟಿ' ಎಂಬುದು ಯುದ್ಧದ ಲೆಕ್ಕ. 'ಈ ಡ್ವಾರ್ಫ್ ಹುಟ್ಟಿದ್ದೇ ಗಟ್ಟಿಯಾಗಿ' ಎಂಬುದು ರಕ್ತದ ಮಾತು. ಒಂದರಿಂದ ಇನ್ನೊಂದಕ್ಕೆ ಆಟ ಜಾರಿದ್ದನ್ನು ಆಗ ಹೆಚ್ಚಿನವರು ಗಮನಿಸಲಿಲ್ಲ.

1974ರ ಮೊದಲ ಆವೃತ್ತಿಯಲ್ಲಿ ಜನಾಂಗಕ್ಕೆ ಸಾಮರ್ಥ್ಯದ ಅಂಕಗಳಿರಲಿಲ್ಲ ಎಂಬುದು ಗಮನಾರ್ಹ. ಅಲ್ಲಿದ್ದದ್ದು ಬೇರೊಂದು ಬಗೆಯ ಬೇಲಿ. ಡ್ವಾರ್ಫ್ ಆದವನು ಯೋಧನಾಗಿ ಆರನೇ ಮೆಟ್ಟಿಲಿನವರೆಗೆ ಮಾತ್ರ ಏರಬಹುದು. ಹಾಬಿಟ್ ನಾಲ್ಕನೇ ಮೆಟ್ಟಿಲಿಗೆ ನಿಲ್ಲಬೇಕು. ಮನುಷ್ಯನಿಗೆ ಅಂಥ ಮಿತಿ ಇಲ್ಲ. ಆಟದ ಲೋಕ ಮನುಷ್ಯಪ್ರಧಾನವಾಗಿರಲಿ ಎಂಬುದು ಗೈಗ್ಯಾಕ್ಸ್ ಕೊಟ್ಟ ಕಾರಣ.

1978ರ ಕೋಷ್ಟಕ

1978ರಲ್ಲಿ ಬಂದ 'ಅಡ್ವಾನ್ಸ್‌ಡ್' ಆವೃತ್ತಿಯ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಎಲ್ಲವೂ ಕೋಷ್ಟಕವಾಯಿತು. ಡ್ವಾರ್ಫ್‌ಗೆ ದೇಹದಾರ್ಢ್ಯದಲ್ಲಿ ಒಂದು ಅಂಕ ಹೆಚ್ಚು, ಆಕರ್ಷಣೆಯಲ್ಲಿ ಒಂದು ಕಡಿಮೆ. ಎಲ್ಫ್‌ಗೆ ಚುರುಕಿನಲ್ಲಿ ಒಂದು ಹೆಚ್ಚು, ದೇಹದಾರ್ಢ್ಯದಲ್ಲಿ ಒಂದು ಕಡಿಮೆ. ಅರ್ಧ ಓರ್ಕ್ ಆದವನಿಗೆ ಬಲ ಮತ್ತು ದೇಹದಾರ್ಢ್ಯದಲ್ಲಿ ಒಂದೊಂದು ಹೆಚ್ಚು, ಆಕರ್ಷಣೆಯಲ್ಲಿ ಎರಡು ಕಡಿಮೆ. ಮನುಷ್ಯನಿಗೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅಂದರೆ ಅವನೇ ಅಳತೆಗೋಲು.

ಅದೇ ಪುಸ್ತಕದಲ್ಲಿ ಇನ್ನೊಂದು ಕೋಷ್ಟಕವಿತ್ತು. ಯಾವ ಜನಾಂಗಕ್ಕೆ ಯಾವ ಜನಾಂಗದ ಮೇಲೆ ಒಲವು, ಯಾರ ಮೇಲೆ ಸಹನೆ, ಯಾರ ಮೇಲೆ ದ್ವೇಷ ಎಂಬುದನ್ನು ಒಂದೊಂದು ಅಕ್ಷರದಲ್ಲಿ ಗುರುತಿಸಲಾಗಿತ್ತು. ಡ್ವಾರ್ಫ್‌ಗೂ ಅರ್ಧ ಓರ್ಕ್‌ಗೂ ನಡುವೆ ಬರೆದಿದ್ದ ಅಕ್ಷರ ದ್ವೇಷದ್ದು. ಇಬ್ಬರೂ ಒಬ್ಬರನ್ನೊಬ್ಬರು ನೋಡುವ ಮೊದಲೇ ಸಂಬಂಧ ತೀರ್ಮಾನವಾಗಿತ್ತು. ಹೆಣ್ಣು ಪಾತ್ರಗಳ ಬಲಕ್ಕೆ ಗಂಡಿಗಿಂತ ಕಡಿಮೆ ಗರಿಷ್ಠ ಮಿತಿಯನ್ನೂ ಅದೇ ಪುಸ್ತಕ ವಿಧಿಸಿತ್ತು.

ಹೆಣ್ಣಿನ ಮೇಲಿನ ಮಿತಿ 1989ರ ಎರಡನೇ ಆವೃತ್ತಿಯಲ್ಲಿ ಹೋಯಿತು. ಜನಾಂಗದ ಅಂಕ ಉಳಿಯಿತು. ಲಿಂಗದ ವಿಷಯದಲ್ಲಿ ತಪ್ಪಾಗಿ ಕಂಡದ್ದು ಜನಾಂಗದ ವಿಷಯದಲ್ಲಿ ಸಹಜವಾಗಿ ಕಾಣಲು ಕಾರಣವಿದೆ. ಆಟಗಾರರ ನಡುವೆ ಹೆಣ್ಣುಮಕ್ಕಳು ಕುಳಿತಿದ್ದರು. ಡ್ವಾರ್ಫ್‌ಗಳೂ ಓರ್ಕ್‌ಗಳೂ ಮೇಜಿನ ಬಳಿ ಬಂದು ಆಕ್ಷೇಪಿಸುವಂತಿರಲಿಲ್ಲ.

ಹುಟ್ಟಿನಿಂದಲೇ ಕೆಟ್ಟವರು

ಅಂಕಗಳಿಗಿಂತ ಗಂಭೀರವಾದದ್ದು ಸ್ವಭಾವದ ಮುದ್ರೆ. 1977ರ 'ಮಾನ್‌ಸ್ಟರ್ ಮ್ಯಾನ್ಯುಯಲ್' ಎಂಬ ಪುಸ್ತಕ ಓರ್ಕ್‌ಗಳ ಹೆಸರಿನ ಮುಂದೆ 'ದುಷ್ಟ' ಎಂದು ಬರೆದಿತ್ತು. ಒಬ್ಬ ಓರ್ಕ್ ಅಲ್ಲ, ಓರ್ಕ್ ಕುಲವೇ ದುಷ್ಟ. ಇದರಿಂದ ಆಟಗಾರರ ನಡುವೆ ಒಂದು ಕಠಿಣ ಪ್ರಶ್ನೆ ಹುಟ್ಟಿತು. ವೀರರು ಓರ್ಕ್‌ಗಳ ಬೀಡನ್ನು ಗೆದ್ದ ಬಳಿಕ ಅಲ್ಲಿ ಉಳಿದ ಹಸುಗೂಸುಗಳನ್ನು ಏನು ಮಾಡಬೇಕು? ಕುಲವೇ ದುಷ್ಟವಾದರೆ ಕೂಸೂ ದುಷ್ಟವೇ?

2005ರಲ್ಲಿ ಇಂಥ ಪ್ರಶ್ನೆಗಳಿಗೆ ಉತ್ತರಿಸುತ್ತಾ ಗೈಗ್ಯಾಕ್ಸ್ ಅವರು ಒಂದು ಹಳೆಯ ಮಾತನ್ನು ಸಮರ್ಥನೆಗೆ ಎಳೆದು ತಂದರು. ಹೇನಿನ ಮೊಟ್ಟೆಯೇ ನಾಳೆ ಹೇನಾಗುತ್ತದೆ ಎಂಬರ್ಥದ ಮಾತು ಅದು. ಅಮೆರಿಕದ ಇತಿಹಾಸದಲ್ಲಿ ಆ ಮಾತು ಅಂಟಿಕೊಂಡಿರುವುದು ಕರ್ನಲ್ ಚಿವಿಂಗ್ಟನ್ ಎಂಬವನ ಹೆಸರಿಗೆ. 1864ರ ನವೆಂಬರ್ 29ರಂದು ಕೊಲರಾಡೋದ ಸ್ಯಾಂಡ್ ಕ್ರೀಕ್‌ನಲ್ಲಿ ಶೈಯೆನ್ ಮತ್ತು ಅರಾಪಹೋ ಮೂಲನಿವಾಸಿಗಳ ಬಿಡಾರದ ಮೇಲೆ ದಾಳಿ ನಡೆಸಿದ ಸೇನೆಯ ನಾಯಕ ಅವನೇ. ಅಲ್ಲಿ ಸತ್ತ ನೂರೈವತ್ತಕ್ಕೂ ಹೆಚ್ಚು ಮಂದಿಯಲ್ಲಿ ಬಹುಪಾಲು ಹೆಂಗಸರು, ಮಕ್ಕಳು, ಮುದುಕರು. ಗೈಗ್ಯಾಕ್ಸ್ ಮಾತಾಡುತ್ತಿದ್ದದ್ದು ಆಟದ ಲೋಕದ ನ್ಯಾಯದ ಬಗ್ಗೆ ಎಂಬುದು ನಿಜ. ಆದರೆ ಕಲ್ಪನೆಯ ಕುಲವನ್ನು ಕೊಲ್ಲಲು ಸಮರ್ಥನೆ ಬೇಕಾದಾಗ ನೆನಪಿಗೆ ಬಂದದ್ದು ನಿಜವಾದ ಜನರನ್ನು ಕೊಂದವನ ಸಮರ್ಥನೆ. ಇದನ್ನು ಕೇವಲ ಕಾಕತಾಳೀಯ ಎಂದು ತಳ್ಳಿಹಾಕಲಾಗದು.

ಓರ್ಕ್‌ಗಳನ್ನು ಜನಪ್ರಿಯಗೊಳಿಸಿದ ಇಂಗ್ಲೆಂಡಿನ ಲೇಖಕ ಜೆ.ಆರ್.ಆರ್. ಟೋಲ್ಕಿನ್ ಅವರ ವಿಷಯವೂ ಇಷ್ಟೇ ಜಟಿಲ. 1958ರ ಒಂದು ಪತ್ರದಲ್ಲಿ ಅವರು ಓರ್ಕ್‌ಗಳ ಮುಖಚಹರೆಯನ್ನು ವರ್ಣಿಸುವಾಗ ಯುರೋಪಿನವರ ಕಣ್ಣಿಗೆ ಅಂದವಲ್ಲದ ಮಂಗೋಲರ ಹೋಲಿಕೆ ಕೊಟ್ಟಿದ್ದಾರೆ. ಅದೇ ಟೋಲ್ಕಿನ್, 1938ರಲ್ಲಿ ಜರ್ಮನಿಯ ಪ್ರಕಾಶಕರು ನೀವು ಆರ್ಯ ಮೂಲದವರೇ ಎಂದು ಕೇಳಿದಾಗ ಕೆರಳಿ, ಆ ಜನಾಂಗ ಸಿದ್ಧಾಂತವನ್ನೇ ಜರೆದು ಉತ್ತರದ ಕರಡು ಬರೆದಿದ್ದರು. ಜನಾಂಗ ದ್ವೇಷವನ್ನು ವಿರೋಧಿಸುವ ಮನುಷ್ಯನ ಕಲ್ಪನೆಯೊಳಗೂ ಕಾಲದ ಪೂರ್ವಗ್ರಹ ನುಸುಳಬಲ್ಲದು ಎಂಬುದಕ್ಕೆ ಇದು ನಿದರ್ಶನ.

ನಮ್ಮ ನೆಲದಲ್ಲಿ ನಡೆದ ಅಂಕ ಹಂಚಿಕೆ

ಓರ್ಕ್ ಎಂಬ ಕಲ್ಪನೆಗೂ ಭಾರತಕ್ಕೂ ಏನು ಸಂಬಂಧ? ಆಟಗಳ ಲೇಖಕ ಜೇಮ್ಸ್ ಮೆಂಡೆಸ್ ಹೋಡ್ಸ್ 2019ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಈ ಸಂಬಂಧವನ್ನು ಎತ್ತಿ ತೋರಿಸಿದರು. ಬಲದಲ್ಲಿ ಹೆಚ್ಚು, ಬುದ್ಧಿಯಲ್ಲಿ ಕಡಿಮೆ, ಕಾದಾಡಲೆಂದೇ ಹುಟ್ಟಿದ ಕುಲ ಎಂಬ ಚಿತ್ರ ಬ್ರಿಟಿಷರು ತಮ್ಮ ವಸಾಹತುಗಳಲ್ಲಿ ಬೆಳೆಸಿದ 'ಮಾರ್ಷಲ್ ರೇಸ್' ಅಂದರೆ ಸಮರ ಜನಾಂಗ ಸಿದ್ಧಾಂತವನ್ನು ಹೋಲುತ್ತದೆ ಎಂಬುದು ಅವರ ವಾದ.

1857ರ ಬಂಡಾಯದ ಬಳಿಕ ಬ್ರಿಟಿಷರು ಭಾರತೀಯ ಸೇನೆಯ ನೇಮಕಾತಿಯನ್ನು ಬದಲಾಯಿಸಿದರು. ಬಂಡಾಯವೆದ್ದ ಪ್ರದೇಶದವರನ್ನು ದೂರವಿಟ್ಟು, ತಮ್ಮ ಪರ ನಿಂತ ಪಂಜಾಬ್, ನೇಪಾಳದ ಕಡೆಯವರನ್ನು ಹೆಚ್ಚಾಗಿ ತೆಗೆದುಕೊಂಡರು. ಮೊದಲಿಗೆ ಇದು ರಾಜಕೀಯ ಲೆಕ್ಕಾಚಾರ. ಬರಬರುತ್ತಾ ಅದಕ್ಕೆ ವಿಜ್ಞಾನದ ವೇಷ ಬಂತು. ಕೆಲವು ಜನಾಂಗಗಳು ರಕ್ತದಲ್ಲಿಯೇ ಶೂರರು, ಇನ್ನುಳಿದವರು ಸಿಪಾಯಿಗಿರಿಗೆ ನಾಲಾಯಕ್ಕು ಎಂಬ ಮಾತು ಸೇನೆಯ ಕೈಪಿಡಿಗಳಲ್ಲಿ ಅಚ್ಚಾಯಿತು. ಯಾವ ಜಿಲ್ಲೆಯ ಯಾವ ಜಾತಿಯವನು ಎಂಥ ಸಿಪಾಯಿಯಾಗುತ್ತಾನೆ ಎಂದು ನೇಮಕಾತಿ ಅಧಿಕಾರಿಗಳಿಗೆ ತಿಳಿಸುವ ಪುಸ್ತಕಗಳು ಅವು. 1933ರಲ್ಲಿ ಜಾರ್ಜ್ ಮ್ಯಾಕ್‌ಮನ್ 'ದಿ ಮಾರ್ಷಲ್ ರೇಸಸ್ ಆಫ್ ಇಂಡಿಯಾ' ಎಂದೇ ಹೆಸರಿಟ್ಟು ಪುಸ್ತಕ ಬರೆದರು.

ಈ ಸಿದ್ಧಾಂತದ ಪ್ರಬಲ ಪ್ರತಿಪಾದಕ ಲಾರ್ಡ್ ರಾಬರ್ಟ್ಸ್. 1881ರಿಂದ 1885ರವರೆಗೆ ಮದ್ರಾಸ್ ಸೇನೆಯ, ಬಳಿಕ 1893ರವರೆಗೆ ಇಡೀ ಭಾರತದ ಸೇನಾ ಮುಖ್ಯಸ್ಥರಾಗಿದ್ದವರು. ದಕ್ಷಿಣದ ಸಿಪಾಯಿಗಳು ಯುದ್ಧಕ್ಕೆ ಯೋಗ್ಯರಲ್ಲ ಎಂಬುದು ಅವರ ದೃಢ ಅಭಿಪ್ರಾಯ. ಮದ್ರಾಸಿನ ಹಲವು ರೆಜಿಮೆಂಟುಗಳಲ್ಲಿ ದಕ್ಷಿಣದವರ ಜಾಗಕ್ಕೆ ಪಂಜಾಬಿಗಳು ಬಂದರು. ಹೈದರಾಲಿ, ಟಿಪ್ಪು ಸುಲ್ತಾನರ ವಿರುದ್ಧ ಕಂಪೆನಿ ಸರಕಾರ ನಡೆಸಿದ ನಾಲ್ಕು ಮೈಸೂರು ಯುದ್ಧಗಳಲ್ಲಿ ಕಾದಾಡಿದ್ದು ಇದೇ ಮದ್ರಾಸ್ ಸೇನೆ. ಎದುರಿಗೆ ನಿಂತು ಕಂಪೆನಿಯ ನಿದ್ದೆಗೆಡಿಸಿದ್ದೂ ದಕ್ಷಿಣದ ಸೈನಿಕರೇ. ಒಂದು ಶತಮಾನ ಕಳೆಯುವುದರೊಳಗೆ ಇವರ ರಕ್ತ ತಣ್ಣಗಾಯಿತೇ? ದೀರ್ಘಕಾಲದ ಶಾಂತಿಯಿಂದ ಇವರ ಸಮರಗುಣ ಕುಂದಿತು ಎಂದು ರಾಬರ್ಟ್ಸ್ ಅವರೇ ವಿವರಣೆ ಕೊಟ್ಟರು. ಶಾಂತಿಯಿಂದ ಹೋಗುವ ಗುಣ ಅಭ್ಯಾಸದಿಂದ ಬಂದದ್ದಿರಬೇಕು, ರಕ್ತದಿಂದ ಅಲ್ಲ. ಸಿದ್ಧಾಂತ ತನ್ನ ಬಾಯಿಂದಲೇ ತನ್ನನ್ನು ಸುಳ್ಳು ಮಾಡಿಕೊಂಡಿತ್ತು. ಎರಡನೇ ಮಹಾಯುದ್ಧದಲ್ಲಿ ಸೈನಿಕರ ಅಗತ್ಯ ಬಿದ್ದಾಗ ಅದೇ ದಕ್ಷಿಣದಿಂದ ದೊಡ್ಡ ಸಂಖ್ಯೆಯಲ್ಲಿ ಭರ್ತಿ ಮಾಡಿಕೊಳ್ಳಲಾಯಿತು.

ಇದರ ಇನ್ನೊಂದು ಮಗ್ಗುಲು 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ. ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ದಾಖಲಿಸಿದ ಕಾಯ್ದೆ ಅದು. ಸ್ವತಂತ್ರ ಭಾರತ 1952ರಲ್ಲಿ ಅದನ್ನು ರದ್ದು ಮಾಡಿತು. 'ಮಾನ್‌ಸ್ಟರ್ ಮ್ಯಾನ್ಯುಯಲ್' ಬರೆದವರು ಈ ಕಾಯ್ದೆಯನ್ನು ಓದಿ ಬರೆದರು ಎಂದು ಯಾರೂ ಹೇಳುವುದಿಲ್ಲ. ಆದರೆ ಕುಲಕ್ಕೆ ಗುಣವನ್ನು ಅಂಟಿಸುವ ಯೋಚನಾಕ್ರಮ ಒಂದೇ. ಆಟದಲ್ಲಿ ಅದು ದಾಳದ ಅಂಕ. ಆಡಳಿತದಲ್ಲಿ ಅದು ಪೊಲೀಸ್ ಠಾಣೆಯ ಹಾಜರಿ ಪುಸ್ತಕ.

ಝಖಾರಾ ಎಂಬ ನಾಡು

ಆಟದ ಒಳಗಿನಿಂದಲೇ ಬೇರೊಂದು ದಾರಿ ಹುಡುಕಿದ ಪ್ರಯತ್ನವೂ ಇತ್ತು. 1992ರಲ್ಲಿ ಜೆಫ್ ಗ್ರಬ್ ಅವರ ನೇತೃತ್ವದಲ್ಲಿ 'ಅಲ್-ಖಾದಿಮ್' ಎಂಬ ಹೊಸ ಕಥಾಲೋಕ ಪ್ರಕಟವಾಯಿತು. ಅರೇಬಿಯನ್ ನೈಟ್ಸ್ ಕಥೆಗಳಿಂದ ಪ್ರೇರಣೆ ಪಡೆದ ಆ ನಾಡಿನ ಹೆಸರು ಝಖಾರಾ. ಅಲ್ಲಿ ಎಲ್ಫ್, ಡ್ವಾರ್ಫ್, ಓರ್ಕ್ ಎಲ್ಲರೂ ಒಂದೇ ನಗರದ ಬೀದಿಗಳಲ್ಲಿ ವಾಸಿಸುತ್ತಾರೆ. ಅವರನ್ನು ಬೆಸೆಯುವುದು ಒಂದೇ ಭಾಷೆ, ಒಂದೇ ಆತಿಥ್ಯ ಧರ್ಮ, 'ಲೋರ್‌ಗಿವರ್' ಎಂಬ ಮಹಿಳೆಯಿಂದ ಬಂದ ಒಂದೇ ನೀತಿಸಂಹಿತೆ. ಅಲ್ಲಿ ಮುಖ್ಯ ಭೇದ ಇರುವುದು ಆ ನೀತಿಯನ್ನು ಒಪ್ಪಿದವರು ಮತ್ತು ಒಪ್ಪದವರ ನಡುವೆ, ಜನಾಂಗಗಳ ನಡುವೆ ಅಲ್ಲ.

ಪಾಶ್ಚಾತ್ಯರ ಕಣ್ಣಿನ ಅರೇಬಿಯಾ ಎಂದಕೂಡಲೇ ಬರುವ ಜೀನಿ, ಜನಾನಾ, ಒಂಟೆಗಳ ಸವಕಲು ಚಿತ್ರಗಳು ಇಲ್ಲಿಯೂ ಇವೆ. ಆದರೂ ಯುರೋಪಿನ ಮಾದರಿಯ ಲೋಕಗಳಲ್ಲಿ ಕಾಡಿನಲ್ಲಿ ಕೊಲ್ಲಬೇಕಾದ ಪ್ರಾಣಿಯಾಗಿದ್ದ ಓರ್ಕ್, ಅರಬ್ ಮಾದರಿಯ ಲೋಕದಲ್ಲಿ ನೆರೆಮನೆಯವನಾದ ಎಂಬುದು ಸಣ್ಣ ಮಾತಲ್ಲ. ಓರ್ಕ್‌ನ ದುಷ್ಟತನ ಅವನ ಸ್ವಭಾವದಲ್ಲಿಲ್ಲ, ಅವನಿಗೆ ಸಮಾಜ ಕೊಟ್ಟ ಸ್ಥಾನದಲ್ಲಿದೆ ಎಂಬುದನ್ನು ಝಖಾರಾ ತೋರಿಸಿಕೊಟ್ಟಿತು. ಆದರೆ ನಿಯಮ ಪುಸ್ತಕದ ಅಂಕಗಳ ಕೋಷ್ಟಕ ಅಲ್ಲಿಯೂ ಬದಲಾಗಲಿಲ್ಲ.

ಎರಡು ಅಂಕದ ಬೆಲೆ

1997ರಲ್ಲಿ ಟಿಎಸ್ಆರ್ ಸಂಸ್ಥೆಯನ್ನು 'ವಿಝರ್ಡ್ಸ್ ಆಫ್ ದಿ ಕೋಸ್ಟ್' ಕೊಂಡುಕೊಂಡಿತು. 2000ದಲ್ಲಿ ಅವರು ತಂದ ಮೂರನೇ ಆವೃತ್ತಿ ಮೆಟ್ಟಿಲುಗಳ ಮಿತಿಯನ್ನು ಕಿತ್ತುಹಾಕಿತು. ಯಾವ ಜನಾಂಗದವನೂ ಯಾವ ವೃತ್ತಿಯಲ್ಲೂ ತುದಿ ಮುಟ್ಟಬಹುದು. ಆದರೆ ಅಂಕಗಳು ಒಂದರಿಂದ ಎರಡಕ್ಕೆ ಏರಿದವು. ಅರ್ಧ ಓರ್ಕ್‌ಗೆ ಬಲದಲ್ಲಿ ಎರಡು ಹೆಚ್ಚು, ಬುದ್ಧಿಯಲ್ಲಿ ಎರಡು ಮತ್ತು ಆಕರ್ಷಣೆಯಲ್ಲಿ ಎರಡು ಕಡಿಮೆ. ಬಾಗಿಲು ತೆರೆಯಿತು, ಹೊಸ್ತಿಲು ಎತ್ತರವಾಯಿತು.

2008ರ ನಾಲ್ಕನೇ ಆವೃತ್ತಿ ಕಡಿತವನ್ನು ಪೂರ್ತಿ ಕೈಬಿಟ್ಟು ಹೆಚ್ಚುವರಿ ಅಂಕಗಳನ್ನು ಮಾತ್ರ ಉಳಿಸಿಕೊಂಡಿತು. 2010ರ ಹೊತ್ತಿಗೆ ಎರಡು ಹೆಚ್ಚುವರಿಗಳಲ್ಲಿ ಒಂದು ಸ್ಥಿರ, ಇನ್ನೊಂದನ್ನು ಕೊಟ್ಟ ಎರಡರಲ್ಲಿ ಆಯ್ದುಕೊಳ್ಳಬಹುದು ಎಂಬ ಸಡಿಲಿಕೆ ಬಂತು. 2014ರ ಐದನೇ ಆವೃತ್ತಿ ಮತ್ತೆ ಸ್ಥಿರ ಅಂಕಗಳಿಗೆ ಮರಳಿತು. 2016ರಲ್ಲಿ ಪ್ರಕಟವಾದ ಪೂರಕ ಪುಸ್ತಕವೊಂದು ಓರ್ಕ್‌ಗೆ ಬುದ್ಧಿಯಲ್ಲಿ ಎರಡು ಅಂಕದ ಕಡಿತವನ್ನೂ ಮರಳಿ ತಂದಿತು.

ಎರಡು ಅಂಕ ಎಂದರೆ ಎಷ್ಟು? ಐದನೇ ಆವೃತ್ತಿಯಲ್ಲಿ ದಾಳದ ಬದಲು ನಿಗದಿತ ಅಂಕಗಳನ್ನು ಹಂಚಿಕೊಳ್ಳುವ ಪದ್ಧತಿಯೂ ಇದೆ. ಅದರಲ್ಲಿ ಯಾವುದೇ ಸಾಮರ್ಥ್ಯಕ್ಕೆ ಗರಿಷ್ಠ 15 ಇಡಬಹುದು. ಇಬ್ಬರು ಮಾಂತ್ರಿಕರಾಗಲು ಬಯಸುತ್ತಾರೆನ್ನಿ. ಇಬ್ಬರೂ ಬುದ್ಧಿಗೆ 15 ಇಟ್ಟರು. ಒಬ್ಬ ನೋಮ್, ಅವನಿಗೆ ಎರಡು ಸೇರಿ 17. ಇನ್ನೊಬ್ಬ ಓರ್ಕ್, ಅವನಿಗೆ ಎರಡು ಕಳೆದು 13. ದಾಳದ ಫಲಕ್ಕೆ ಕೂಡಿಸುವ ಅಂಕ 17ಕ್ಕೆ ಮೂರು, 13ಕ್ಕೆ ಒಂದು. ಆಟದ ಮುಖ್ಯ ದಾಳಕ್ಕೆ 20 ಮುಖಗಳು. ಎರಡು ಅಂಕದ ವ್ಯತ್ಯಾಸವೆಂದರೆ ನೂರಕ್ಕೆ ಹತ್ತು ಅವಕಾಶಗಳು. ಸಮಾನ ಶ್ರಮ ಹಾಕಿದ ಇಬ್ಬರಲ್ಲಿ ಒಬ್ಬ, ಆಟ ಮುಗಿಯುವ ತನಕ, ಪ್ರತಿ ಮಂತ್ರಕ್ಕೂ ಈ ಭಾರ ಹೊತ್ತು ನಡೆಯಬೇಕು. ಪರಿಣಾಮ ಸರಳ. ಓರ್ಕ್ ಮಾಂತ್ರಿಕನನ್ನು ಆಡಲು ಯಾರೂ ಹೆಚ್ಚಾಗಿ ಮುಂದೆ ಬರುವುದಿಲ್ಲ. ಯಾರೂ ಆಡದ್ದರಿಂದ ಕಥೆಗಳಲ್ಲಿ ಓರ್ಕ್ ಪಂಡಿತರಿಲ್ಲ. ಇಲ್ಲದ್ದರಿಂದ ಓರ್ಕ್ ಎಂದರೆ ದಡ್ಡ ಎಂಬ ಮಾತು ನಿಜವೆನಿಸುತ್ತದೆ. ನಿಯಮ ತನ್ನ ಸಾಕ್ಷ್ಯವನ್ನು ತಾನೇ ತಯಾರಿಸಿಕೊಳ್ಳುತ್ತದೆ.

2020ರ ತಿರುವು

2020ರ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವರ್ಣೀಯ ಪೊಲೀಸ್ ಅಧಿಕಾರಿಯ ಮಂಡಿಯಡಿ ಪ್ರಾಣಬಿಟ್ಟರು. ಅಮೆರಿಕದ ಬೀದಿಗಳಲ್ಲಿ ಎದ್ದ ಪ್ರತಿಭಟನೆ ಸಂಸ್ಥೆಗಳ ಒಳಗೂ ಪ್ರಶ್ನೆಗಳನ್ನು ಎಬ್ಬಿಸಿತು. ಜೂನ್ 17ರಂದು ವಿಝರ್ಡ್ಸ್ ಸಂಸ್ಥೆ ಹೇಳಿಕೆ ಹೊರಡಿಸಿತು. ಓರ್ಕ್ ಮತ್ತು ಡ್ರೌ ಎಂಬ ಕಪ್ಪು ಎಲ್ಫ್‌ಗಳನ್ನು ದುಷ್ಟರೆಂದು ಚಿತ್ರಿಸಿದ ಬಗೆ ನಿಜ ಜಗತ್ತಿನ ಜನಾಂಗಗಳನ್ನು ಹೀಯಾಳಿಸಿದ ಬಗೆಯನ್ನೇ ನೆನಪಿಸುತ್ತದೆ ಎಂದು ಒಪ್ಪಿಕೊಂಡಿತು. ಓರ್ಕ್‌ನ ಬುದ್ಧಿಗೆ ಹಾಕಿದ್ದ ಕಡಿತವನ್ನು ತೆಗೆಯಿತು. ಅದೇ ನವೆಂಬರ್‌ನಲ್ಲಿ ಬಂದ 'ತಾಶಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್' ಎಂಬ ಪುಸ್ತಕ ಜನಾಂಗದ ಹೆಚ್ಚುವರಿ ಅಂಕಗಳನ್ನು ಆಟಗಾರ ತನಗೆ ಬೇಕಾದ ಸಾಮರ್ಥ್ಯಕ್ಕೆ ವರ್ಗಾಯಿಸಬಹುದು ಎಂಬ ಐಚ್ಛಿಕ ನಿಯಮ ತಂದಿತು. 2022ರಲ್ಲಿ ಬಂದ ಮತ್ತೊಂದು ಪುಸ್ತಕದಲ್ಲಿ ಐಚ್ಛಿಕವೇ ಸಾಮಾನ್ಯವಾಯಿತು. ಆ ವರ್ಷಾಂತ್ಯಕ್ಕೆ 'ರೇಸ್' ಪದವನ್ನು ಬಿಟ್ಟು 'ಸ್ಪೀಶೀಸ್' ಅಂದರೆ ಜೀವಜಾತಿ ಎಂಬ ಪದ ಬಳಸುವ ತೀರ್ಮಾನ ಹೊರಬಿತ್ತು.

ಪ್ರತಿಸ್ಪರ್ಧಿ ಆಟ 'ಪಾತ್‌ಫೈಂಡರ್' 2019ರ ತನ್ನ ಎರಡನೇ ಆವೃತ್ತಿಯಲ್ಲಿಯೇ 'ರೇಸ್' ಬಿಟ್ಟು 'ಆನ್ಸೆಸ್ಟ್ರಿ' ಅಂದರೆ ಪೂರ್ವಿಕ ಮೂಲ ಎಂಬ ಪದ ಆರಿಸಿಕೊಂಡಿತ್ತು. ಅಲ್ಲಿ ಸ್ಥಿರ ಅಂಕಗಳ ಜೊತೆಗೆ ಎಲ್ಲಿ ಬೇಕಾದರೂ ಹಾಕಿಕೊಳ್ಳಬಹುದಾದ ಒಂದು ಅಂಕವಿತ್ತು. 2020ರಲ್ಲಿ ಯೂಜೀನ್ ಮಾರ್ಷಲ್ ಅವರು ಹೊರತಂದ 'ಆನ್ಸೆಸ್ಟ್ರಿ ಅಂಡ್ ಕಲ್ಚರ್' ಎಂಬ ಪುಸ್ತಕ ಹುಟ್ಟನ್ನೂ ಸಂಸ್ಕೃತಿಯನ್ನೂ ಬೇರ್ಪಡಿಸಿತು. ಡ್ವಾರ್ಫ್‌ಗಳ ನಡುವೆ ಬೆಳೆದ ಎಲ್ಫ್‌ಗೆ ದೇಹ ಎಲ್ಫ್‌ನದು, ಕಲಿತ ವಿದ್ಯೆ ಡ್ವಾರ್ಫ್‌ಗಳದು.

ವಿರೋಧಿಗಳ ಮಾತಿನಲ್ಲೂ ಹುರುಳಿದೆ

ಸ್ಥಿರ ಅಂಕಗಳೇ ಇರಲಿ ಎಂದವರೆಲ್ಲ ಜನಾಂಗವಾದಿಗಳೆಂದು ತಿಳಿಯುವುದು ಅನ್ಯಾಯ. ಅವರ ವಾದವನ್ನು ಕೇಳಬೇಕು. ಎಲ್ಫ್, ಓರ್ಕ್‌ಗಳು ಮನುಷ್ಯ ಜನಾಂಗಗಳಲ್ಲ, ಬೇರೆಯೇ ಜೀವಿಗಳು. ಏಳೆಂಟು ಅಡಿಯ ದೈತ್ಯನಿಗೂ ಮೂರಡಿಯ ಹಾಫ್ಲಿಂಗ್‌ಗೂ ಬಲ ಸಮಾನ ಎನ್ನುವುದು ಹಾಸ್ಯಾಸ್ಪದ. ಎಲ್ಲರಿಗೂ ಎಲ್ಲವೂ ಸಿಗುವುದಾದರೆ ಜನಾಂಗದ ಆಯ್ಕೆ ಬರೀ ವೇಷಭೂಷಣವಾಗುತ್ತದೆ. ಎದುರಾದ ಕೊರತೆಯನ್ನು ಮೀರಿ ನಿಲ್ಲುವ ಓರ್ಕ್ ಮಾಂತ್ರಿಕನ ಕಥೆಯೇ ರೋಚಕವಲ್ಲವೇ? ಕೊರತೆಯನ್ನೇ ಅಳಿಸಿದರೆ ಆ ಕಥೆ ಎಲ್ಲಿ?

ಈ ವಾದದ ಮೊದಲ ಭಾಗ ಗಟ್ಟಿಯಾಗಿದೆ. ದೇಹದ ವ್ಯತ್ಯಾಸ ಕಲ್ಪಿತ ಲೋಕದಲ್ಲಿ ಇರಲಿ. ಕತ್ತಲಲ್ಲಿ ಕಾಣುವ ಕಣ್ಣು, ವಿಷ ತಡೆಯುವ ಮೈ, ಹಾರುವ ರೆಕ್ಕೆ ಇವು ಹೊಸ ಆವೃತ್ತಿಯಲ್ಲೂ ಇವೆ. ತೊಡಕು ಬರುವುದು ಬುದ್ಧಿ, ವಿವೇಕ, ಸದ್ಗುಣಗಳನ್ನೂ ಮೈಯ ಲಕ್ಷಣದಂತೆ ಹಂಚಿದಾಗ. ಮನುಷ್ಯರ ವಿಷಯದಲ್ಲಂತೂ ವಿಜ್ಞಾನದ ತೀರ್ಪು ಸ್ಪಷ್ಟವಾಗಿದೆ. 1972ರಲ್ಲಿ ತಳಿವಿಜ್ಞಾನಿ ರಿಚರ್ಡ್ ಲೆವಂಟಿನ್ ನಡೆಸಿದ ಲೆಕ್ಕಾಚಾರದಂತೆ ಮನುಷ್ಯರ ತಳಿ ವೈವಿಧ್ಯದ ಸುಮಾರು ಶೇಕಡಾ 85 ಒಂದೇ ಜನಸಮುದಾಯದ ಒಳಗೇ ಇದೆ. ಸಮುದಾಯ ಸಮುದಾಯಗಳ ನಡುವಿನ ವ್ಯತ್ಯಾಸ ಅದರ ಮುಂದೆ ಅಲ್ಪ. ಆಟದ ಓರ್ಕ್‌ಗಳು ಬೇರೆ ಜೀವಿಗಳೆನ್ನುವುದು ಸರಿ. ಆದರೆ ಅವರ ವರ್ಣನೆಗೆ ಬಳಸಿದ ಪದಗಳು, ಹೋಲಿಕೆಗಳು, ಸಮರ್ಥನೆಗಳು ಎಲ್ಲವೂ ಮನುಷ್ಯರ ಇತಿಹಾಸದಿಂದ ಎರವಲು ತಂದವು.

ಇನ್ನು ಕೊರತೆಯನ್ನು ಮೀರುವ ಕಥೆಯ ಮಾತು. ಆ ಕಥೆ ನಿಜಕ್ಕೂ ದೊಡ್ಡದು. ಆದರೆ ಕೊರತೆ ಅವನ ತಲೆಯೊಳಗಿತ್ತೋ, ಅವನಿಗೆ ಮುಚ್ಚಿದ ಶಾಲೆಯ ಬಾಗಿಲಲ್ಲಿತ್ತೋ ಎಂಬುದು ಮುಖ್ಯ. ಹಳೆಯ ನಿಯಮ ಅದನ್ನು ತಲೆಯೊಳಗಿಟ್ಟಿತ್ತು.

ಹುಟ್ಟಿನಿಂದ ಕಸುಬಿಗೆ

2024ರ ಪುಸ್ತಕ ಹೆಚ್ಚುವರಿ ಅಂಕಗಳನ್ನು ಜನಾಂಗದಿಂದ ಕಿತ್ತು 'ಹಿನ್ನೆಲೆ'ಗೆ ಜೋಡಿಸಿತು. ಸಾಹಸಕ್ಕೆ ಹೊರಡುವ ಮೊದಲು ಪಾತ್ರ ಏನು ಮಾಡಿಕೊಂಡಿತ್ತು ಎಂಬುದೇ ಹಿನ್ನೆಲೆ. ಅಂಥ 16 ಹಿನ್ನೆಲೆಗಳಿವೆ. ಪ್ರತಿಯೊಂದಕ್ಕೂ ಮೂರು ಸಾಮರ್ಥ್ಯಗಳು ಗೊತ್ತು ಮಾಡಲ್ಪಟ್ಟಿವೆ. ಅಂಕಗಳನ್ನು ಆ ಮೂರರೊಳಗೇ ಹಂಚಿಕೊಳ್ಳಬೇಕು.

ಹುಟ್ಟಿಗಿಂತ ಬದುಕು ಮುಖ್ಯ ಎಂಬ ಈ ನಿಲುವು ಹೊಸದಲ್ಲ. 1377ರಲ್ಲಿ 'ಮುಖದ್ದಿಮ' ಬರೆದ ಇಬ್ನ್ ಖಲ್ದೂನ್, ಕಪ್ಪು ಬಣ್ಣ ಪೂರ್ವಜನೊಬ್ಬನಿಗೆ ತಟ್ಟಿದ ಶಾಪದ ಫಲ ಎಂಬ ಅಂದಿನ ನಂಬಿಕೆಯನ್ನು ತಳ್ಳಿಹಾಕಿ, ಅದಕ್ಕೆ ಹವಾಮಾನವೇ ಕಾರಣ ಎಂದರು. ಮನುಷ್ಯನನ್ನು ರೂಪಿಸುವುದು ಅವನ ರೂಢಿ ಮತ್ತು ಅಭ್ಯಾಸ ಎಂದು ವಾದಿಸಿದರು. ಆದರೆ ಅದೇ ಇಬ್ನ್ ಖಲ್ದೂನ್ ಅತಿ ಉಷ್ಣ ಮತ್ತು ಅತಿ ಶೀತ ವಲಯಗಳ ಜನರ ಬಗ್ಗೆ ಕೀಳಾಗಿ ಬರೆದದ್ದೂ ಇದೆ. ರಕ್ತದ ಬಂಧನ ಬಿಡಿಸಿದವರು ಹವಾಮಾನದ ಬಂಧನ ಹಾಕಿದರು. ಪರಿಸರದ ವಾದವೂ ಗುಂಪಿನ ಮೇಲೆ ಒತ್ತುವ ಮುದ್ರೆಯಾಗಬಲ್ಲದು ಎಂಬುದಕ್ಕೆ ಇಷ್ಟು ದೊಡ್ಡ ಚಿಂತಕನೇ ಸಾಕ್ಷಿ.

ಹೊಸ ನಿಯಮದಲ್ಲೂ ಅದೇ ಆಗಿದೆ. ರೈತ ಎಂಬ ಹಿನ್ನೆಲೆಗೆ ಕೊಟ್ಟ ಮೂರು ಸಾಮರ್ಥ್ಯಗಳು ಬಲ, ದೇಹದಾರ್ಢ್ಯ ಮತ್ತು ವಿವೇಕ. ಶ್ರೀಮಂತ ಮನೆತನದವನಿಗೆ ಕೊಟ್ಟದ್ದು ಬಲ, ಬುದ್ಧಿ ಮತ್ತು ಆಕರ್ಷಣೆ. ರೈತನ ಪಟ್ಟಿಯಲ್ಲಿ ಬುದ್ಧಿ ಇಲ್ಲ. ಅಂದರೆ ರೈತನ ಮಗಳು ಮಾಂತ್ರಿಕಳಾಗಲು ಹೊರಟರೆ ಅವಳಿಗೆ ಆ ಅಂಕ ಸಿಗದು, ಸಿರಿವಂತನ ಮಗನಿಗೆ ಸಿಗುತ್ತದೆ. ಅಮೆರಿಕದ ಆಟಗಾರರಿಗೆ ಇದು ಆಯ್ಕೆಯ ತೊಡಕಾಗಿ ಕಂಡಿತು. ಹಲವರು ಆಕ್ಷೇಪಿಸಿದ್ದೂ ಉಂಟು. ಅದೇ ವರ್ಷ ಬಂದ, ಕಥೆ ನಡೆಸುವವರ ಕೈಪಿಡಿಯಲ್ಲಿ ಹೊಸ ಹಿನ್ನೆಲೆಗಳನ್ನು ಕಟ್ಟಿಕೊಳ್ಳುವ ದಾರಿ ಇದೆ. ಕಸುಬು ಎಂಬುದು ಶತಮಾನಗಳ ಕಾಲ ಹುಟ್ಟಿನ ಇನ್ನೊಂದು ಹೆಸರೇ ಆಗಿದ್ದ ನಾಡಿನ ಓದುಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಂಬಾರನ ಮಗ ಕುಂಬಾರನೇ ಆಗಬೇಕಾದ ಕಡೆ 'ಹುಟ್ಟಲ್ಲ, ಕಸುಬು' ಎನ್ನುವುದರಿಂದ ಅವನಿಗೆ ಸಿಗುವ ಬಿಡುಗಡೆ ಕಡಿಮೆ.

ಸ್ಥಿರ ಅಂಕವೋ, ಸಡಿಲ ಅಂಕವೋ ಎಂಬ ಐವತ್ತು ವರ್ಷಗಳ ಈ ಜಗಳದಿಂದ ಒಂದು ಪಾಠವನ್ನು ಕಲಿಯಬಹುದು. ಗುಂಪಿಗೆ ಅಂಕ ಹಾಕುವುದು ಸುಲಭ, ಅನುಕೂಲ, ಕೆಲವೊಮ್ಮೆ ಅನಿವಾರ್ಯ ಕೂಡ. ದಂಡನಾಯಕನಿಗೆ, ಜನಗಣತಿಯವನಿಗೆ, ಆಟ ಕಟ್ಟುವವನಿಗೆ ಅದು ಬೇಕಾಗುತ್ತದೆ. ಆದರೆ ಆ ಅಂಕವನ್ನು ಎದುರಿಗೆ ನಿಂತ ಒಬ್ಬ ವ್ಯಕ್ತಿಯ ಹಣೆಗೆ ಅಂಟಿಸುವ ಕ್ಷಣದಲ್ಲಿ ಲೆಕ್ಕ ಮುಗಿದು ಅನ್ಯಾಯ ಶುರುವಾಗುತ್ತದೆ. ಅಂಟಿಸಲು ಬಳಸಿದ ಗೋಂದಿನ ಹೆಸರು ರಕ್ತವಾಗಿರಲಿ, ಹವಾಮಾನವಾಗಿರಲಿ, ಕಸುಬಾಗಿರಲಿ. ಆಟದ ಕಾಗದದ ಮೇಲೆ ಅದನ್ನು ಅಳಿಸಲು ಒಂದು ರಬ್ಬರ್ ಸಾಕು. ಆ ಕಾಗದದ ಮೇಲೆ ಅಳಿಸಲಿಕ್ಕೇ 46 ವರ್ಷ ಹಿಡಿಯಿತು. ಶಾಲೆಯ ದಾಖಲಾತಿಯಲ್ಲಿ, ಬಾಡಿಗೆ ಮನೆಯ ಬಾಗಿಲಲ್ಲಿ, ಪೊಲೀಸರ ಸಂಶಯದ ಪಟ್ಟಿಯಲ್ಲಿ ಹೆಸರು ಕೇಳಿದಾಕ್ಷಣ ಕೂಡಿಸುವ, ಕಳೆಯುವ ಅಂಕಗಳನ್ನು ಅಳಿಸಲು ಇನ್ನೆಷ್ಟು ಕಾಲ ಬೇಕೋ, ಅದು ಆ ಅಂಕ ಹಾಕುತ್ತಿರುವ ನಮ್ಮನ್ನೇ ಅವಲಂಬಿಸಿದೆ.